ಬಟನ್‌ಗೆ ಕಟ್ಟಿದ್ದ ರಬ್ಬರ್

ಬೆರಳಿನ ಗಾಯ ಮಾಗಿ ಕೆಲಸಕ್ಕೆ ಮರಳಿದ ದಿನ ಸುಜಾತಕ್ಕ ಮೆಷಿನ್ ಮುಂದೆ ಕೂರಲೇ ಇಲ್ಲ. ನೇರ ನನ್ನ ಹತ್ತಿರ ಬಂದು ಕತ್ತರಿ ಕೇಳಿದರು.

ನಾವಿಬ್ಬರೂ ಕೆಲಸ ಮಾಡುವುದು ಬಾಳಗಡಿ ಕಡೆಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ. ಅಡಿಕೆ ಹಾಳೆಯನ್ನು ಒತ್ತಿ, ಅಂಚು ಕತ್ತರಿಸಿ ಊಟದ ತಟ್ಟೆ ಮಾಡುತ್ತೇವೆ. ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಮೆಷಿನ್ನಿನ ಅಚ್ಚು ಕೆಳಗಿಳಿಯಬೇಕು. ಕೆಲಸ ಬೇಗ ಸಾಗಲೆಂದು ಮಾಲೀಕರು ಪ್ರತಿ ಮೆಷಿನ್ನಿನ ಒಂದು ಬಟನ್ನನ್ನು ಸದಾ ಒತ್ತಿಕೊಂಡೇ ಇರುವ ಹಾಗೆ ರಬ್ಬರಿನಿಂದ ಬಿಗಿದು ಕಟ್ಟಿಸಿದ್ದರು. ಹಾಗೆ ಬಿಡುವಾದ ಎಡಗೈಯಿಂದ ಹಾಳೆ ಸರಿಮಾಡುವಾಗಲೇ ಸುಜಾತಕ್ಕನ ತೋರುಬೆರಳು ಹೋಗಿದ್ದು.

ಅವರು ತಮ್ಮ ಮೆಷಿನ್ನಿನ ರಬ್ಬರ್ ಕತ್ತರಿಸಿದರು. ನನ್ನದನ್ನೂ ಕತ್ತರಿಸಿದರು. ಅಷ್ಟರಲ್ಲಿ ಮಾಲೀಕರು ಓಡಿ ಬಂದರು.

“ಎಂತ ಇದು ಸುಜಾತಕ್ಕ? ಹೀಗಾದ್ರೆ ಕೆಲಸ ಸಾಗ್ತದಾ?”

“ನಿಧಾನಕ್ಕೆ ಸಾಗ್ತದೆ ಮಾರಾಯ್ರೆ. ನಂಗೆ ಇನ್ನು ಉಳಿದಿರೋದು ಒಂಬತ್ತೇ ಅಲ್ವಾ?”

ಮಾಲೀಕರು ಅವರ ಕೈ ನೋಡಿದರು. ಪಕ್ಕಕ್ಕೆ ಸರಿದು, ಉಳಿದ ಮೆಷಿನ್‌ಗಳ ಕಡೆ ದಾರಿ ಬಿಟ್ಟರು.

ಈಗ ಸಂಜೆಯ ಹೊತ್ತಿಗೆ ತಟ್ಟೆಗಳ ರಾಶಿ ಮೊದಲಿಗಿಂತ ಚಿಕ್ಕದು. ಮಾಲೀಕರು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಮನೆಗೆ ಹೊರಡುವ ಮುಂಚೆ ನಲ್ಲಿಯಡಿ ಹತ್ತೂ ಬೆರಳುಗಳನ್ನು ಒಂದೊಂದಾಗಿ ಉಜ್ಜಿ ತೊಳೆಯುವ ಅಭ್ಯಾಸ ನನಗೆ ಅಂಟಿಕೊಂಡಿದೆ.