ಅಂಗುಳದ ಕಪ್ಪು

"ಬಾಯಿ ಅಗಲ ಮಾಡಿ ಚಿಕ್ಕಪ್ಪ" ಎಂದು ಮೊಬೈಲಿನ ಬೆಳಕು ಹಿಡಿದು ಒಂದು ಫೋಟೊ ತೆಗೆದೆ. ಮೇಲಂಗುಳದಲ್ಲಿ ಹೆಬ್ಬೆರಳಗಲ ಜಾಗ ಸುಟ್ಟಂತೆ ಕಪ್ಪಾಗಿತ್ತು.

ಬದಿಯಡ್ಕದಲ್ಲಿ ಜೀಪು ಓಡಿಸುವ ಚಿಕ್ಕಪ್ಪ ಕೊರೊನಾದಿಂದ ಬದುಕಿ, ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನವಾಗಿತ್ತಷ್ಟೆ. ಮೇಲಿನ ಹಲ್ಲು ನೋಯುತ್ತದೆ, ಒಂದು ಕೆನ್ನೆ ಮರಗಟ್ಟಿದೆ ಎನ್ನುತ್ತಿದ್ದರು.

"ಒಳಗೆ ಎಂತ ಉಂಟು ಮಾರಾಯ, ಚಿನ್ನವಾ?"

"ಎಂತ ಇಲ್ಲ. ಎಲೆಅಡಿಕೆಯ ಕರೆ" ಎಂದೆ. ಅವರ ಬಾಯಿ ಕೆಂಪಿಲ್ಲದೆ ಇದ್ದದ್ದನ್ನು ನಾನು ಕಂಡವನೇ ಅಲ್ಲ.

ಚಿಕ್ಕಪ್ಪ ಬಾಯಿ ಮುಚ್ಚಿ ನನ್ನನ್ನೇ ನೋಡಿದರು. "ನಾನು ಎಲೆ ತಿನ್ನದೆ ತಿಂಗಳಾಯ್ತಲ್ಲ. ಆಸ್ಪತ್ರೆಯಲ್ಲಿ ಎಲೆಅಡಿಕೆ ಕೊಡ್ಲಿಕ್ಕೆ ಯಾರುಂಟು?"

ನಾನು ಮೊಬೈಲಿನ ಫೋಟೊವನ್ನು ಮತ್ತೆ ತೆರೆದು ನೋಡಿದೆ.

ಕೊರೊನಾಕ್ಕೆ ಕೊಟ್ಟ ಸ್ಟಿರಾಯ್ಡ್‌ನಿಂದ ಸಕ್ಕರೆ ಏರಿ, ಕಪ್ಪು ಶಿಲೀಂಧ್ರ ಮೂಗಿನ ದಾರಿಯಲ್ಲಿ ಮೂಳೆ ಹೊಕ್ಕಿದೆ ಎಂದರು ಮಂಗಳೂರಿನ ವೈದ್ಯರು. ಅರ್ಧ ಅಂಗುಳ ತೆಗೆದರು, ಎಡಗಣ್ಣನ್ನೂ ತೆಗೆದರು. "ಎರಡು ದಿನ ಮೊದಲು ಬಂದಿದ್ದರೆ ಕಣ್ಣು ಉಳಿಯುತ್ತಿತ್ತೋ ಏನೋ" ಎಂದೂ ಹೇಳಿದರು. ಚಿಕ್ಕಪ್ಪ ಬದುಕಿದ್ದಾರೆ. ಈಗ ಅಂಗುಳದ ಜಾಗದಲ್ಲಿ ಪ್ಲೇಟು ಇಟ್ಟುಕೊಂಡು ಮಾತಾಡುತ್ತಾರೆ.

ಇದನ್ನು ಯಾರಿಗೆ ಹೇಳಿದರೂ "ಚಿಕ್ಕಪ್ಪನ ಆ ಮಾತು ಕೇಳಿದ ಕೂಡಲೇ ಹೊರಟೆವು" ಎನ್ನುತ್ತೇನೆ. ನನಗೆ ನೆನಪಿರುವುದೂ ಹಾಗೆಯೇ. ಆದರೆ ಮೊಬೈಲಿನಲ್ಲಿರುವ ಆ ಫೋಟೊ ಮಂಗಳವಾರದ್ದು. ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ ಚೀಟಿ ಶುಕ್ರವಾರದ್ದು. ನಡುವಿನ ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.