ಮಗಳು ಹೇಳಿದ ‘ಐ ನೋ ದಟ್’

ಗೆಳೆಯರೇ, ಇವತ್ತು ನನ್ನ ಗುಟ್ಟು ಇಂಗ್ಲಿಷಿನಲ್ಲಿ ರಟ್ಟಾಯಿತು.

ನಾಳೆ ಮಗಳಿಗೆ ಇಂಗ್ಲಿಷ್ ಪರೀಕ್ಷೆ. ನಿನಗೆ ಗೊತ್ತಿರುವುದೇನನ್ನಾದರೂ ‘ಐ ನೋ ದಟ್’ ಹಚ್ಚಿ ಹೇಳು ಎಂದೆ.

“ಐ ನೋ ದಟ್ ಅಜ್ಜಿ ಈಸ್ ಡೆಡ್.”

ಧಾರವಾಡದಲ್ಲಿ ನನ್ನ ಅವ್ವ ತೀರಿಕೊಂಡದ್ದನ್ನು ಪರೀಕ್ಷೆ ಮುಗಿಯುವವರೆಗೆ ಹೇಳಬಾರದೆಂದು ಮುಚ್ಚಿಟ್ಟಿದ್ದೆವು. ನಾನೂ ಗಂಡನೂ ಆ ಮಾತನ್ನೆಲ್ಲ ಕನ್ನಡದಲ್ಲೇ ಆಡಿಕೊಳ್ಳುತ್ತಿದ್ದೆವು. ನಾಗಪುರದಲ್ಲಿ ಹುಟ್ಟಿದ ಈ ಹುಡುಗಿ ಬಾಯಿ ಬಿಟ್ಟರೆ ಬರೀ ಮರಾಠಿ. ನಮ್ಮ ಮಾತು ಇವಳಿಗೆಲ್ಲಿ ತಿಳಿಯುತ್ತದೆ ಎಂಬ ಧೈರ್ಯ.

ಯಾರು ಹೇಳಿದರೆಂದು ಕೇಳಿದೆ. ಥೇಟ್ ಅವ್ವನ ಕನ್ನಡದಲ್ಲಿ ಉತ್ತರ ಬಂತು.

“ನೀನ ಪಪ್ಪಾಗ ಹೇಳ್ತಿದ್ದಿಯಲ್ಲ ಮಮ್ಮಿ. ನಂಗ ಬರೋಬರ್ ತಿಳೀತೈತಿ.”

ಕನ್ನಡ ಕಲಿ, ಕನ್ನಡ ಕಲಿ ಎಂದು ಅವಳನ್ನು ವರ್ಷಗಟ್ಟಲೆ ಬೈದವಳು ನಾನೇ. ಇವತ್ತು ಮಾತ್ರ, ಕಲಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.