ಸ್ಪ್ಯಾನಿಷ್‌ನಲ್ಲಿ ಸಹಾಯ ಕೇಳಲು ಕಲಿತದ್ದು

ನಾನು ಸ್ಪ್ಯಾನಿಷ್ ಕಲಿಯಬೇಕೆಂದು ಹೊರಟವಳಲ್ಲ. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಕಾನ್ವೆಂಟಿನ ಇಂಗ್ಲಿಷಿಗೆ ತುಕ್ಕು ಹಿಡಿದಿತ್ತು. ಅದನ್ನು ಸ್ವಲ್ಪ ಉಜ್ಜೋಣವೆಂದು ಫೋನಿನಲ್ಲಿ ಭಾಷೆ ಕಲಿಸುವ ಆ್ಯಪ್ ಹಾಕಿಕೊಂಡೆ. ಬೆರಳು ಎಲ್ಲಿ ತಾಗಿತೋ, ಸ್ಪ್ಯಾನಿಷ್ ತೆರೆದುಕೊಂಡಿತು. ಬದಲಾಯಿಸುವುದು ಹೇಗೆಂದು ಯಾರನ್ನಾದರೂ ಕೇಳಿದ್ದರೆ ಅರೆ ನಿಮಿಷದ ಕೆಲಸ. ಆದರೆ ಯಜಮಾನರು ಎಣ್ಣೆ ಮಿಲ್ಲಿನಿಂದ ದಣಿದು ಬಂದಿರುತ್ತಾರೆ, ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆ, ಫೋನ್ ರಿಪೇರಿ ಅಂಗಡಿಯ ಮುಂದೆ ಯಾವಾಗಲೂ ನಾಲ್ಕು ಜನ. ಹೀಗೆ ಯಾರಿಗೂ ತೊಂದರೆಯಾಗದಂತೆ ನೋಡಿಕೊಂಡು ಎಂಟು ತಿಂಗಳು ಸ್ಪ್ಯಾನಿಷ್ ಕಲಿತೆ.

ಅದರಲ್ಲಿ ನನಗೆ ತುಂಬ ಹಿಡಿಸಿದ್ದು ವಿನಯದಿಂದ ಸಹಾಯ ಕೇಳುವ ಪಾಠ. ನಮ್ಮ ನೀನು, ನೀವು ಇದ್ದಂತೆ ಅವರಲ್ಲೂ ಸಲಿಗೆಯದೊಂದು, ಗೌರವದ್ದೊಂದು. ‘ಮೆ ಪುಎದೆ ಅಯುದಾರ್, ಪೋರ್ ಫವೋರ್?’ ಎಂದರೆ ‘ದಯವಿಟ್ಟು ನನಗೆ ಸಹಾಯ ಮಾಡುವಿರಾ?’ ಎಂದು. ಇನ್ನೂ ನಯ ಬೇಕಾದರೆ ‘ಸೆರಿಯಾ ತಾನ್ ಅಮಾಬ್ಲೆ’, ಅಂದರೆ ‘ತಾವು ಅಷ್ಟು ದಯೆ ತೋರುವಿರಾ’ ಎಂದು ಆರಂಭಿಸಬೇಕು. ಒಗ್ಗರಣೆ ಹಾಕುತ್ತ, ಬಟ್ಟೆ ಮಡಚುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಫೋನು ಹಸಿರು ಗುರುತು ಹಾಕಿ ಮೆಚ್ಚುತ್ತಿತ್ತು.

ಅದೇ ದಿನಗಳಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಕೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ, ಬೆನ್ನ ಹಿಂದಕ್ಕಂತೂ ಹೋಗುತ್ತಲೇ ಇರಲಿಲ್ಲ. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಮೇಲಿನ ಗೂಡಿನ ಡಬ್ಬಿಗಳನ್ನೆಲ್ಲ ಕೆಳಗೆ ಇಳಿಸಿಕೊಂಡೆ. ‘ಅಡುಗೆಮನೆ ಚೆಂದ ಜೋಡ್ಸಿದೀಯಲ್ಲ’ ಎಂದರು ಯಜಮಾನರು. ಜಡೆ ಹೆಣೆಯಲಾಗದೆ ಎಡಗೈಯಲ್ಲೇ ಕೂದಲು ಗಂಟು ಹಾಕಿಕೊಂಡರೆ, ಎದುರು ಮನೆಯವರು ‘ಹೊಸ ಫ್ಯಾಷನ್ನಾ?’ ಎಂದರು. ನಾನು ಥ್ಯಾಂಕ್ಸ್ ಹೇಳಿದೆ.

ಆಗ ಬಂತು ಮೊಳಕಾಲ್ಮೂರಿನಲ್ಲಿ ಮೈದುನನ ಮಗಳ ನಿಶ್ಚಿತಾರ್ಥ. ಎಲೆ ಅಡಿಕೆ ತಟ್ಟೆ ಬದಲಾಯಿಸಲು ಮನೆಯ ಹಿರಿಯ ಸೊಸೆ ನಾನೇ ಕೂರಬೇಕೆಂದು ಮೈದುನನ ಹೆಂಡತಿ, ನನ್ನ ವಾರಗಿತ್ತಿ, ಮೊದಲೇ ಹೇಳಿಟ್ಟಿದ್ದಳು. ರೇಷ್ಮೆ ಸೀರೆ ಉಡದೆ ಗತಿಯಿಲ್ಲ. ಅದಕ್ಕೊಂದು ಬ್ಲೌಸ್ ಹೊಲಿಯಲು ಕೊಟ್ಟಾಗ ಟೈಲರ್, ‘ಹುಕ್ಕು ಹಿಂದಕ್ಕೆ ಇಡ್ತೀನಕ್ಕಾ, ಈಗ ಅದೇ ನಡೀತೈತೆ’ ಎಂದ. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಆಗಲಿ ಎಂದೆ.

ಯಜಮಾನರು ಹೊತ್ತಿಗೆ ಸರಿಯಾಗಿ ಬರುವವರಿದ್ದರು; ನಾನು ಬೆಳಿಗ್ಗೆಯೇ ಬಸ್ಸು ಹತ್ತಿದೆ. ನನ್ನ ಬ್ಯಾಗನ್ನು ಕಂಡಕ್ಟರ್ ಮೇಲಿನ ಕಂಬಿಗೆ ಎಸೆದ. ಪಕ್ಕದಲ್ಲಿ ಕೂತ ಹೆಂಗಸು, ‘ಹಿಡ್ಕಳವ್ವಾ, ದುಡ್ಡು ತೆಗೀಬೇಕು’ ಎಂದು ನಿದ್ದೆಯಲ್ಲಿದ್ದ ಮೊಮ್ಮಗಳನ್ನು ನನ್ನ ತೊಡೆಗೆ ಹಾಕಿದಳು. ದಯವಿಟ್ಟು ಇಲ್ಲ, ಪೋರ್ ಫವೋರ್ ಇಲ್ಲ. ಟಿಕೆಟು ತೆಗೆದಾದ ಮೇಲೂ ಮಗು ನನ್ನ ತೊಡೆಯ ಮೇಲೇ ಉಳಿಯಿತು. ಮೊಳಕಾಲ್ಮೂರು ಬಂದಾಗ ನಾನು ಕಂಬಿಯ ಕೆಳಗೆ ನಿಂತು, ಕಂಡಕ್ಟರಿಗೆ, ‘ನೋಡಿ, ನಿಮಗೇನೂ ತೊಂದರೆ ಇಲ್ಲ ಅಂದರೆ, ದಯವಿಟ್ಟು ಆ ಬ್ಯಾಗನ್ನು ಸ್ವಲ್ಪ...’ ಎಂದೆ.

‘ಬೇಗ ಇಳೀರಿ ಅಕ್ಕಾ, ಭಾಷಣ ಕೆಳಗಿಳ್ದು ಮಾಡೀರಂತೆ!’

‘ಬ್ಯಾಗ್ ತಾನೇ? ತಗಾ’ ಎಂದು ಆ ಹೆಂಗಸೇ ಎದ್ದು ಇಳಿಸಿಕೊಟ್ಟಳು.

ವಾರಗಿತ್ತಿಯ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡೆ. ಬ್ಲೌಸಿಗೆ ಎರಡೂ ತೋಳು ತೂರಿಸಿದ್ದಾಯಿತು. ಹಿಂದಿನ ಹುಕ್ಕುಗಳು ಮಾತ್ರ ಬಾಯಿ ತೆರೆದುಕೊಂಡು ಕೂತವು. ಎಡಗೈಯೊಂದರಿಂದಲೇ ಆಗುತ್ತದೋ ನೋಡಿದೆ. ಬೀರುವಿನ ಹಿಡಿಕೆಗೆ ಒಂದು ಅಂಚನ್ನು ಸಿಕ್ಕಿಸಿ ಇನ್ನೊಂದನ್ನು ಎಳೆದೆ. ಕನ್ನಡಿಯಲ್ಲಿ, ಬೆನ್ನು ತುರಿಸಿಕೊಳ್ಳುವ ಎಮ್ಮೆಯಂತೆ ಬೀರುವಿಗೆ ಒರಗಿ ಒದ್ದಾಡುವ ಹಿರಿಯ ಸೊಸೆಯೊಬ್ಬಳು ಕಂಡಳು. ಹೊರಗೆ ವ್ಯಾನು ನಿಂತ ಸದ್ದಾಯಿತು.

ಬಾಗಿಲು ಬಡಿದಳು ವಾರಗಿತ್ತಿ. ‘ಅಕ್ಕಾ, ಆಯ್ತಾ? ಗಂಡಿನ ಕಡೆಯೋರು ಬಂದ್ಬಿಟ್ರು!’

‘ಐದೇ ನಿಮಿಷ. ನೀವು ನಡೀರಿ’ ಎಂದೆ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳನ್ನು ಬಹುವಚನದಲ್ಲಿ ಮಾತಾಡಿಸುವವಳು ಆ ಮನೆಯಲ್ಲಿ ನಾನೊಬ್ಬಳೇ.

ಅವಳ ಹೆಜ್ಜೆಗಳು ದೂರವಾಗತೊಡಗಿದವು. ಅವಳು ಹೋದರೆ ಆಯಿತು, ಎರಡು ಮನೆಯವರೂ ತಟ್ಟೆ ಹಿಡಿದು ಕಾಯುತ್ತಿರುತ್ತಾರೆ, ನಾನು ಬೀರುವಿನ ಜೊತೆ ಕುಸ್ತಿ ಆಡುತ್ತಿರುತ್ತೇನೆ. ಗಾಬರಿಯಲ್ಲಿ ಬಾಯಿ ತೆರೆದೆ. ತಿಂಗಳುಗಟ್ಟಲೆ ಉರು ಹೊಡೆದದ್ದೇ ಬಂತು. ‘ಸೆರಿಯಾ ತಾನ್ ಅಮಾಬ್ಲೆ!’

ಹೆಜ್ಜೆ ನಿಂತಿತು. ‘ಏನಕ್ಕಾ? ಯಾರದಾರೆ ಒಳಗೆ?’

‘ಯಾರೂ ಇಲ್ಲ. ನಾನೇ.’

‘ಮತ್ತೆ ಯಾರ ಕೂಡೆ ಮಾತಾಡ್ತಿದ್ದಿ?’

ಇನ್ನು ನಯ ಉಳಿದಿರಲಿಲ್ಲ. ‘ಬಾರೇ ಒಳಗೆ! ಕೈ ಎತ್ತಕ್ಕಾಗ್ತಿಲ್ಲ ಕಣೇ!’ ಎಂದು ಕೂಗಿ ಚಿಲಕ ತೆಗೆದೆ.

ಅವಳು ಒಳಗೆ ಬಂದು, ನನ್ನನ್ನು ತಿರುಗಿಸಿ ನಿಲ್ಲಿಸಿ, ಒಂದೇ ಉಸಿರಿಗೆ ಐದೂ ಹುಕ್ಕು ಹಾಕಿದಳು. ಅವಳ ಬೆರಳುಗಳಿಗೆ ಕೊಬ್ಬರಿ ತುರಿ ಅಂಟಿತ್ತು.

‘ಎಷ್ಟ್ ದಿನದಿಂದ ಹಿಂಗೆ?’

‘ಮೂರು ತಿಂಗಳು.’

‘ಮೂರ್ ತಿಂಗ್ಳಾ! ದಿನಾ ಫೋನ್ ಮಾಡ್ತಿದ್ನಲ್ಲ, ಆರಾಮಾ ಅಂದ್ರೆ ಆರಾಮು ಅಂತಿದ್ದಿ. ಬಾಯಿಗೂ ಹಿಡ್ಕಂಡಿತ್ತಾ?’

‘ನಿಮಗೆ ಇಲ್ಲಿ ಕೆಲಸ ಜಾಸ್ತಿ ಇತ್ತಲ್ಲ ಅಂತ...’

‘ಕೆಲ್ಸಕ್ಕೆ ಬೆಂಕಿ ಹಾಕ. ನಿಂತ್ಕೊ ಸರಿಯಾಗಿ.’ ನೆರಿಗೆ ಹಿಡಿದು ಸಿಕ್ಕಿಸಿ, ನನ್ನ ಗಂಟು ಬಿಚ್ಚಿ ಜಡೆ ಹಾಕುತ್ತ ಮೆಲ್ಲಗೆ ಹೇಳಿದಳು: ‘ಇಪ್ಪತ್ತು ವರ್ಷಕ್ಕೆ ಇವತ್ತು ನಂಗೆ ಬಾರೇ ಅಂದಿ ನೋಡಕ್ಕಾ.’

‘ಕ್ಷಮಿಸಿ’ ಎಂದೆ.

‘ಶುರುವಾಯ್ತು ಮತ್ತೆ!’ ಎಂದು ಜಡೆಯನ್ನು ಜಗ್ಗಿದಳು.

ತಟ್ಟೆ ಬದಲಾಯಿಸುವಾಗ ನನ್ನ ಬಲಮೊಣಕೈ ಕೆಳಗೆ ಯಾರಿಗೂ ಕಾಣದಂತೆ ಅವಳ ಕೈ ಇತ್ತು. ಊಟದ ಹೊತ್ತಿಗೆ ಮಾತ್ರ ವಿಷಯ ಇಡೀ ಮನೆಗೆ ಗೊತ್ತಾಗಿತ್ತು. ಒಬ್ಬರು ಹರಳೆಣ್ಣೆ ಎಂದರು, ಒಬ್ಬರು ಬಿಸಿ ಉಪ್ಪಿನ ಗಂಟು ಎಂದರು. ಯಜಮಾನರು ದೂರದಿಂದ ನನ್ನ ಕೈಯನ್ನೇ, ಹೊಸದಾಗಿ ಮನೆಗೆ ಬಂದದ್ದೇನೋ ಎಂಬಂತೆ ನೋಡುತ್ತಿದ್ದರು.

ಹೊರಡುವಾಗ ವಾರಗಿತ್ತಿ ಬ್ಯಾಗು ಎತ್ತಿ ಯಜಮಾನರ ಕೈಗೆ ಕೊಟ್ಟು ನನ್ನ ಕಡೆ ತಿರುಗಿದಳು. ‘ನಾಳೆ ಚಳ್ಳಕೆರೆಗೆ ನಾನೇ ಬರ್ತೀನಿ. ಇಬ್ರೂ ಆಸ್ಪತ್ರೆಗೆ ಹೋಗಣ. ನಿನ್ನೊಬ್ಳನ್ನೇ ಕಳಿಸಿದ್ರೆ, ಏನಿಲ್ಲ ಡಾಕ್ಟ್ರೇ, ಆರಾಮಾಗಿದೀನಿ ಅಂದು ಎದ್ದು ಬರ್ತೀಯ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂದಿನ ವಾರವೇ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದೆ. ಹೊರಗೆ ತುಂಬ ಜನ ಕಾಯುತ್ತಿದ್ದರು, ಡಾಕ್ಟರು ಪಾಪ ಬೆಳಗಿನಿಂದ ಟೀ ಕೂಡ ಕುಡಿದಂತಿರಲಿಲ್ಲ. ಬಿ.ಪಿ. ನೋಡಿಸಿಕೊಂಡು, ಥ್ಯಾಂಕ್ಸ್ ಹೇಳಿ, ಎದ್ದು ಬಂದಿದ್ದೆ.